ಮಣೆಯ ಮೇಲೆ ಮಾನ್ಯಖೇಟ

ರಾಜ್ಯ ಕಟ್ಟುವ ಆಟಗಳಲ್ಲಿ ನನಗೆ ಬಹಳ ಹಿಡಿಸುವುದು ಆಟ ಶುರುವಾಗುವ ಮುಂಚಿನ ಹೊತ್ತು. ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಈಜಿಪ್ಟಿನವರು, ರೋಮನರು, ಮಂಗೋಲರು, ಚೀನೀಯರು, ಅಜ್ಟೆಕರು. ಒಬ್ಬೊಬ್ಬರ ಹೆಸರಿನ ಪಕ್ಕದಲ್ಲೂ ಒಂದು ಲಾಂಛನ, ಒಂದು ಬಣ್ಣ, ಅವರ ಕೈಗುಣ ಇಂಥದ್ದು ಎಂದು ಹೇಳುವ ಎರಡು ಸಾಲು. ಇನ್ನೂ ಯಾರೂ ಯಾರ ಮೇಲೂ ದಂಡೆತ್ತಿ ಹೋಗಿಲ್ಲ, ಯಾರ ಕೋಟೆಗೂ ಬೆಂಕಿ ಬಿದ್ದಿಲ್ಲ. ಸಾವಿರಾರು ವರ್ಷಗಳು ಸಾಲಾಗಿ ನಿಂತು ‘ನನ್ನನ್ನು ತಗೋ, ನನ್ನನ್ನು ತಗೋ’ ಎನ್ನುತ್ತಿರುತ್ತವೆ. ಆ ಪಟ್ಟಿಯ ಮುಂದೆ ಕಾಫಿ ಆರಿ ಕೆನೆಗಟ್ಟುವವರೆಗೂ ನಾನು ಕೂತಿರಬಲ್ಲೆ. ಈ ಸುಖಕ್ಕೆ ‘ಆಯ್ಸುಖ’ ಎಂದು ಹೆಸರಿಟ್ಟಿದ್ದೇನೆ. ಅಕ್ಕಿ ಆಯುವವರಿಗೂ ಹೂವು ಆಯುವವರಿಗೂ ಇದರ ಪರಿಚಯ ಚೆನ್ನಾಗಿರುತ್ತದೆ. ರಾಜ್ಯ ಆಯುವವರಿಗೆ ಸ್ವಲ್ಪ ಹೆಚ್ಚು.

ಆದರೆ ನಾನು ಆಯಲು ಕೂರುವ ಮುಂಚೆಯೇ ಬೇರೆ ಯಾರೋ ಆಯ್ದು ಮುಗಿಸಿರುತ್ತಾರೆ. 1991ರಲ್ಲಿ ಸಿಡ್ ಮೈಯರ್ ಅವರ ‘ಸಿವಿಲೈಜೇಶನ್’ ಬಂದಾಗ ಇಡೀ ಮನುಕುಲದಿಂದ ಹೆಕ್ಕಿದ್ದು 14 ಜನಾಂಗಗಳನ್ನು. ಭಾರತ ಅದರಲ್ಲಿತ್ತು, ಮುಂದಾಳಾಗಿ ಗಾಂಧೀಜಿ ಇದ್ದರು. 1999ರ ‘ಏಜ್ ಆಫ್ ಎಂಪೈರ್ಸ್’ ಎರಡನೆಯ ಭಾಗದಲ್ಲಿ 13 ಜನಾಂಗಗಳಿದ್ದವು, ನಾವಿರಲಿಲ್ಲ. 2013ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಮನೆಯೊಳಗೆ ಹಿಮಾಲಯದಿಂದ ಕನ್ಯಾಕುಮಾರಿಯವರೆಗಿನ ಎಲ್ಲರೂ ಒತ್ತೊತ್ತಾಗಿ ಹೊಕ್ಕೆವು. 2022ರಲ್ಲಿ ಆ ಮನೆ ಪಾಲಾಗಿ ನಾಲ್ಕಾಯಿತು: ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು. ಅದರೊಳಗೆ ದ್ರಾವಿಡರ ಕಥೆಯಾಗಿ ಹೇಳಿದ್ದು ರಾಜೇಂದ್ರ ಚೋಳನದು. 2025ರಲ್ಲಿ ಬಂದ ಏಳನೆಯ ‘ಸಿವಿಲೈಜೇಶನ್’ನಲ್ಲಿ ಮೌರ್ಯರಿದ್ದಾರೆ, ಮೊಘಲರಿದ್ದಾರೆ, ಮತ್ತೆ ಚೋಳರಿದ್ದಾರೆ. ಚೋಳರ ಹೆಸರು ಕಂಡರೆ ನನಗೆ ಸಂತೋಷವೇ. ಹಡಗೇರಿ ಸಮುದ್ರ ದಾಟಿದವರು ಯಾವ ಪಟ್ಟಿಗಾದರೂ ಸಲ್ಲುತ್ತಾರೆ. ಆ ಸಂತೋಷದ ಬೆನ್ನಿಗೇ ಬಾದಾಮಿಯ ಕೆಂಪು ಬಂಡೆ ಕಣ್ಣೆದುರು ಬರುತ್ತದೆ, ಹಂಪೆಯ ದುಂಡುಗಲ್ಲುಗಳು ಬರುತ್ತವೆ, ಮಳೆಗಾಲದ ಇಕ್ಕೇರಿ ಬರುತ್ತದೆ. ಇವರೆಲ್ಲ ಯಾವ ಮನೆಯ ಯಾವ ಮೂಲೆಯಲ್ಲಿ ಕೂತಿದ್ದಾರೋ ಎಂದು ಮನಸ್ಸು ಹುಡುಕುತ್ತದೆ.

ಹೀಗೆ ಹುಡುಕುತ್ತಿದ್ದ ಮನಸ್ಸಿಗೆ ಈ ಬೇಸಿಗೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಬೆಂಗಳೂರಿನ ತ್ಯಾಗರಾಜನಗರದ ನಮ್ಮ ಬೀದಿಯ ಮಕ್ಕಳು ತಮ್ಮದೇ ಒಂದು ರಾಜ್ಯದಾಟ ಮಾಡುವುದೆಂದು ಹೊರಟರು. ಕಂಪ್ಯೂಟರಿನದಲ್ಲ, ರಟ್ಟಿನದು. ಚೌಕಾಬಾರದ ಹಾಗೆ ಕವಡೆ ಹಾಕಬೇಕು, ಆನೆ ಕುದುರೆ ನಡೆಸಬೇಕು, ಕೋಟೆ ಕಟ್ಟಬೇಕು. ರಟ್ಟಿನ ಅಳತೆಗೆ ಆರೇ ರಾಜ್ಯಗಳಿಗೆ ಜಾಗ. ಎಲ್ಲವೂ ಕನ್ನಡ ನೆಲದವೇ ಆಗಿರಬೇಕೆಂದು ಮಕ್ಕಳೇ ಗೊತ್ತು ಮಾಡಿಕೊಂಡಿದ್ದರು. ಯಾವ ಆರು ಎಂದು ಕೇಳಲು ನನ್ನ ಬಳಿ ಬಂದರು. ಆರು! ಕದಂಬರು, ಗಂಗರು, ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚೂರಿಗಳು, ಸೇವುಣರು, ಹೊಯ್ಸಳರು, ವಿಜಯನಗರದವರು, ಬಹಮನಿಗಳು, ಆದಿಲಶಾಹಿಗಳು, ಕೆಳದಿಯವರು, ಚಿತ್ರದುರ್ಗದ ನಾಯಕರು, ಯಲಹಂಕದ ನಾಡಪ್ರಭುಗಳು, ಮೈಸೂರಿನ ಒಡೆಯರು. ಕರಾವಳಿಯ ಆಳುಪರನ್ನೂ ಉಳ್ಳಾಲದ ಅಬ್ಬಕ್ಕನನ್ನೂ ಮರೆಯುವ ಹಾಗಿಲ್ಲ. ಮದುವೆಗೆ ಕರೆಯುವವರ ಪಟ್ಟಿ ಬರೆಯಲು ಕೂತ ಹಾಗಾಯಿತು. ಕರೆದವರು ಮರೆತರೂ ಬಿಟ್ಟುಹೋದವರು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ.

ಇಂಥ ಇಕ್ಕಟ್ಟಿಗೆ ನನ್ನಲ್ಲಿರುವ ಮದ್ದು ಕಾಲ್ನಡಿಗೆ. ನೆಟ್ಟಕಲ್ಲಪ್ಪ ವೃತ್ತದ ಕಡೆಯಿಂದ ಎನ್‌.ಆರ್‌. ಕಾಲೊನಿಗೆ, ಅಲ್ಲಿ ಡಿವಿಜಿಯವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯ ಮುಂದಿನಿಂದ ಬಸವನ ಗುಡಿಗೆ, ಪಕ್ಕದ ಬ್ಯೂಗಲ್ ರಾಕ್ ಬಂಡೆಗೆ. ಬಂಡೆಯ ಮೇಲೆ ಕೂತರೆ ಕಾಲದ ಅಳತೆ ಸಡಿಲವಾಗುತ್ತದೆ. ಇದರ ಜಾತಿಯದೇ ಆದ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ಆ ಲೆಕ್ಕದಲ್ಲಿ ಕದಂಬರೂ ಒಡೆಯರೂ ಒಂದೇ ಮಧ್ಯಾಹ್ನದವರು. ಸ್ವಲ್ಪ ದೂರದ ಗವಿಪುರದ ತಗ್ಗಿನಲ್ಲಿ ಕೆಂಪಾಂಬುಧಿ ಕೆರೆ, ಅದರ ದಡದಲ್ಲಿ ಗೋಪುರ. 1537ರಲ್ಲಿ ಊರು ಕಟ್ಟಿದ ಕೆಂಪೇಗೌಡನಿಗೆ ರಾಜ್ಯದಾಟದ ಲಕ್ಷಣವೆಲ್ಲ ಕೈವಶವಾಗಿತ್ತು. ಕೋಟೆಯ ಜೊತೆಗೆ ಕೆರೆ, ಕೆರೆಯ ಜೊತೆಗೆ ಪೇಟೆ; ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ, ಎಣ್ಣೆಗೆ ಗಾಣಿಗರಪೇಟೆ. ಇವತ್ತಿನ ಮಕ್ಕಳು ಪರದೆಯ ಮೇಲೆ ಬೆರಳಾಡಿಸಿ ಮೊದಲು ಕಣಜ, ಆಮೇಲೆ ಸಂತೆ, ಆಮೇಲೆ ಗೋಡೆ ಎಂದು ಜೋಡಿಸುವುದನ್ನೇ ಆತ ಮಣ್ಣಿನಲ್ಲಿ ಜೋಡಿಸಿದ. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಬಂದದ್ದು ಆಮೇಲಿನ ಆಟಗಾರರ ನಡೆ.

ಬಂಡೆಯ ಮೇಲೆ ಕೂತು ಯೋಚಿಸಿದರೆ, ಲೋಕದಿಂದ ನಾಲ್ಕಾರು ರಾಜ್ಯಗಳನ್ನು ಹೆಕ್ಕುವ ಚಟ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು. ಕ್ರಿ.ಶ. 851ರ ಸುಮಾರಿನ ಅರಬ್ಬೀ ಬರಹವೊಂದಿದೆ. ಸುಲೈಮಾನ್ ಎಂಬ ವರ್ತಕನ ಹೆಸರಿನೊಡನೆ ಅದು ಬೆಸೆದುಕೊಂಡಿದೆ. ಲೋಕದ ದೊಡ್ಡ ಅರಸರು ನಾಲ್ವರು ಎನ್ನುತ್ತದೆ ಆ ಬರಹ. ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮ್ ಎನ್ನುವ ರೋಮನ್ ಸಾಮ್ರಾಜ್ಯದ ದೊರೆ, ಆಮೇಲೆ ಕಿವಿ ಚುಚ್ಚಿಸಿಕೊಂಡವರ ಒಡೆಯನಾದ ಬಲ್ಹರಾ. ಬಲ್ಹರಾ ಎಂದರೆ ನಮ್ಮ ರಾಷ್ಟ್ರಕೂಟರ ದೊರೆ. ಆಗ ಮಾನ್ಯಖೇಟದಲ್ಲಿ ಆಳುತ್ತಿದ್ದವನು ಅಮೋಘವರ್ಷ ನೃಪತುಂಗ, ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ಯಜಮಾನ. ಇವತ್ತು ಕಲಬುರಗಿ ಜಿಲ್ಲೆಯ ಸೇಡಂ ಕಡೆ ಹೋಗುವವರು ಕಾಗಿಣಾ ನದಿಯ ದಡದಲ್ಲಿ ಮಳಖೇಡ ಎಂಬ ಊರನ್ನು ಕಂಡರೆ, ಅದು ಒಂದು ಕಾಲದಲ್ಲಿ ಲೋಕದ ನಾಲ್ಕು ಮನೆಗಳಲ್ಲಿ ಒಂದು ಮನೆ. 14 ಜನಾಂಗಗಳ ಪಟ್ಟಿಯಲ್ಲೂ 13 ಜನಾಂಗಗಳ ಪಟ್ಟಿಯಲ್ಲೂ ಇಲ್ಲದ್ದು ನಾಲ್ಕೇ ಹೆಸರಿನ ಪಟ್ಟಿಯಲ್ಲಿ ಇದೆಯಲ್ಲ ಎಂದು ನೆನೆದಾಗಲೆಲ್ಲ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆ ಬರಹದಲ್ಲಿ ಇನ್ನೂ ಒಂದು ಸೊಗಸಿದೆ. ಬಲ್ಹರಾನಷ್ಟು ಅರಬ್ಬರನ್ನು ಪ್ರೀತಿಸುವ ದೊರೆ ಇನ್ನೊಬ್ಬನಿಲ್ಲವಂತೆ. ಆ ವಂಶದ ಅರಸರು ಎಷ್ಟೋ ವೇಳೆ ಐವತ್ತು ವರ್ಷ ಆಳುತ್ತಾರಂತೆ, ಅರಬ್ಬರ ಮೇಲಿನ ಪ್ರೀತಿಯಿಂದಲೇ ಅವರಿಗೆ ಆ ಆಯುಸ್ಸು ಎಂದು ಅಲ್ಲಿನ ಜನ ನಂಬುತ್ತಾರಂತೆ. ದೂರದಿಂದ ಬಂದ ವ್ಯಾಪಾರಿಯನ್ನು ಚೆನ್ನಾಗಿ ನೋಡಿಕೊಂಡರೆ ರಾಜನ ಆಯುಸ್ಸು ಹೆಚ್ಚುತ್ತದೆ! ಆಟ ಕಟ್ಟುವವರಿಗೆ ಇದಕ್ಕಿಂತ ಸಿದ್ಧವಾದ ಕೈಗುಣ ಬೇಕೆ? ಅಮೋಘವರ್ಷನಂತೂ 814ರಿಂದ ಅರವತ್ತಕ್ಕೂ ಹೆಚ್ಚು ವರ್ಷ ಪಟ್ಟದ ಮೇಲಿದ್ದು ಆ ನಂಬಿಕೆಗೆ ಪುಷ್ಟಿ ಕೊಟ್ಟ.

ಅರಬ್ಬರ ಪಟ್ಟಿಯಿಂದ ಮನಸ್ಸು ಅಕ್ಬರನ ಇಸ್ಪೀಟಿಗೆ ಹಾರುತ್ತದೆ. ಗಂಜೀಫಾ ಎಂಬ ದುಂಡನೆಯ ಎಲೆಗಳ ಆಟ ಮೊಘಲರಿಗೆ ಪ್ರಿಯವಾಗಿತ್ತು. ಅಕ್ಬರನ ಕಾಲದಲ್ಲಿ ಆಡುತ್ತಿದ್ದ ಹಳೆಯ ಕಟ್ಟಿನಲ್ಲಿ 12 ರಂಗುಗಳಿದ್ದವೆಂದು ಅಬುಲ್ ಫಜಲ್ ‘ಆಯಿನೆ ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ, ರಂಗಿಗೆ 12ರಂತೆ ಒಟ್ಟು 144 ಎಲೆ. ಮೊದಲ ರಂಗು ಅಶ್ವಪತಿ, ಕುದುರೆಯ ಬಲದ ದೆಹಲಿ ಅರಸ. ಎರಡನೆಯವನು ಗಜಪತಿ, ಆನೆಯ ಬಲದ ಒಡಿಶಾದ ದೊರೆ. ಮೂರನೆಯವನು ನರಪತಿ, ಕಾಲಾಳಿನ ಬಲದವನು, ವಿಜಾಪುರದ ಅರಸರ ಹಾಗೆ. ಓದುತ್ತ ಇಲ್ಲಿಗೆ ಬಂದಾಗ ನಾನು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟೆ. ಎಲೆಯ ಕಟ್ಟಿನಲ್ಲಿ ನಮಗೊಂದು ರಂಗು! ಅದಕ್ಕೂ ಮುಂಚೆ ದಕ್ಷಿಣದಲ್ಲಿ ಅಶ್ವಪತಿ, ಗಜಪತಿ, ನರಪತಿ ಎಂದು ಮೂರು ಸಿಂಹಾಸನ ಎಣಿಸುವಾಗ ನರಪತಿಯ ಜಾಗ ವಿಜಯನಗರದ್ದಾಗಿತ್ತು. ವಿಜಯನಗರ ಸೋತ 1565ರ ಯುದ್ಧದ ಮೇಲೆ ಆ ಮಣೆ ಉತ್ತರಕ್ಕೆ ಜರುಗಿತೆಂದರೂ ಕನ್ನಡ ನೆಲ ಬಿಟ್ಟು ಹೋಗಲಿಲ್ಲ. ಮಿಕ್ಕ ರಂಗುಗಳಲ್ಲಿ ಕೋಟೆಯವನಿದ್ದಾನೆ, ಭಂಡಾರದವನಿದ್ದಾನೆ, ಹಡಗಿನವನಿದ್ದಾನೆ. ಹೆಣ್ಣರಸಿಯ ರಾಜ್ಯವಿದೆ, ದೇವತೆಗಳದಿದೆ, ಕಾಡುಪ್ರಾಣಿಗಳದಿದೆ, ಕಡೆಗೆ ಹಾವುಗಳದೂ ಇದೆ. ಮನುಷ್ಯರ ರಾಜ್ಯಗಳ ಪಕ್ಕದಲ್ಲಿ ಹುಲಿಗೂ ಹಾವಿಗೂ ಸಮನಾದ ಪೀಠ ಕೊಟ್ಟ ಆ ಹಳಬರ ಮನಸ್ಸು ಎಷ್ಟು ವಿಶಾಲ!

ಇದೇ ಗಂಜೀಫಾ ಮೈಸೂರಿಗೆ ಬಂದಾಗ ಅದಕ್ಕೆ ಸಿಕ್ಕಿದ ಒಡೆಯರು ಮುಮ್ಮಡಿ ಕೃಷ್ಣರಾಜರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತ ಕಿತ್ತುಕೊಂಡರು. ಅರಮನೆ ಉಳಿಯಿತು, ಸಿಂಹಾಸನ ಉಳಿಯಿತು, ಆಳುವ ಕೆಲಸ ಹೋಯಿತು. 1868ರಲ್ಲಿ ಕಣ್ಣು ಮುಚ್ಚುವವರೆಗೂ ಅವರು ಕಲೆ, ಗ್ರಂಥ, ಆಟಗಳ ರಾಜ್ಯವನ್ನು ಕಟ್ಟುತ್ತಲೇ ಇದ್ದರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಬಗೆಬಗೆಯ ಆಟಗಳಿವೆ, ಎಲೆಯಾಟಗಳಲ್ಲಿ ಚಾಮುಂಡೇಶ್ವರಿಯ ಹೆಸರಿನದಕ್ಕೆ 320 ಎಲೆಗಳು. ಚದುರಂಗದ ಕುದುರೆಯನ್ನು ಒಂದು ಮನೆಯನ್ನೂ ಬಿಡದೆ, ಯಾವ ಮನೆಯನ್ನೂ ಎರಡನೆಯ ಸಲ ಮೆಟ್ಟದೆ ಇಡೀ ಹಾಸಿನ ಮೇಲೆ ನಡೆಸುವ ಲೆಕ್ಕವನ್ನೂ ಅವರು ಬಿಡಿಸಿದ್ದರು. ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಅವರ ಆಟಗಳ ಹಾಸುಗಳು ಈಗಲೂ ಚಿತ್ರವಾಗಿವೆ. ರಾಜ್ಯ ಹೋದ ಅರಸ ರಾಜ್ಯದಾಟ ಕಟ್ಟಿದ್ದರಲ್ಲಿ ನನಗೆ ದುಃಖಕ್ಕಿಂತ ದೊಡ್ಡದೊಂದು ಕಾಣುತ್ತದೆ. ಯಾರೂ ಕಿತ್ತುಕೊಳ್ಳಲಾಗದ ನೆಲವೊಂದನ್ನು ಅವರು ಹುಡುಕಿಕೊಂಡಿದ್ದರು.

ಹಾಗಾದರೆ ನಮ್ಮ ರಟ್ಟಿನ ಮಣೆಯ ಮೇಲೆ ಯಾರು? ಮಕ್ಕಳು ಕೈಗುಣಗಳ ಪಟ್ಟಿಯೊಂದನ್ನು ಆಗಲೇ ಬರೆದಿದ್ದರು: ಆನೆಗೆ ಎರಡು ಅಂಕ, ಕುದುರೆಗೆ ಮೂರು, ಕೊಳ್ಳೆ ಹೊಡೆದರೆ ಐದು. ಅದನ್ನು ಎದುರಿಗಿಟ್ಟುಕೊಂಡು ಒಬ್ಬೊಬ್ಬ ರಾಜನನ್ನೇ ನೆನೆಯುತ್ತ ಹೋದಾಗ ನನಗೆ ಒಂದು ವಿಚಿತ್ರ ಹೊಳೆಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಅವರು ಹೇಗೆ ಗೆದ್ದರು ಎಂಬುದಲ್ಲ, ಗೆದ್ದ ಮೇಲೆ ಏನು ಮಾಡಿದರು ಎಂಬುದು.

ಬಾದಾಮಿಯ ಎರಡನೆಯ ವಿಕ್ರಮಾದಿತ್ಯನನ್ನು ನೋಡಿ. 8ನೇ ಶತಮಾನದಲ್ಲಿ ಪಲ್ಲವರ ಕಂಚಿಯನ್ನು ಗೆದ್ದು ಒಳಗೆ ಹೋದ. ಅದೇ ಪಲ್ಲವರು ನೂರು ವರ್ಷದ ಹಿಂದೆ ಬಾದಾಮಿಯನ್ನು ಹಿಡಿದವರು, ಹಗೆ ಸಣ್ಣದಲ್ಲ. ಕೈಲಾಸನಾಥ ದೇವಾಲಯದ ಸಂಪತ್ತು ಅವನ ಕಣ್ಣಮುಂದಿತ್ತು. ಅದನ್ನು ನೋಡಿದ, ದೇವರಿಗೇ ಮರಳಿ ಕೊಟ್ಟ. ಆ ಮಾತನ್ನು ಆ ಗುಡಿಯ ಕಂಬದ ಮೇಲೆಯೇ ಕನ್ನಡದಲ್ಲಿ ಕೊರೆಸಿ ಬಂದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇವತ್ತಿನ ವಿರೂಪಾಕ್ಷ ದೇವಾಲಯ. ಕೊಳ್ಳೆಗೆ ಐದು ಅಂಕವೆಂದರೆ, ಕೊಳ್ಳೆಯನ್ನು ಮುಟ್ಟದೆ ಬಂದವನಿಗೆ ಎಷ್ಟು? ನಾನು ಕೇಳಿದಾಗ ಮಕ್ಕಳು ಬಹಳ ಹೊತ್ತು ಗುಸುಗುಸು ಮಾತಾಡಿ ಹತ್ತು ಕೊಟ್ಟರು.

ಗಂಗರ ಶ್ರೀಪುರುಷ ಆನೆಗಳ ಮೇಲೊಂದು ಶಾಸ್ತ್ರಗ್ರಂಥವನ್ನೇ ಬರೆದನೆಂದು ಹೇಳುತ್ತಾರೆ. ಆನೆಯ ಅಂಕ ಗಂಗರಿಗೆ ಹೇಗೂ ಸಲ್ಲಬೇಕು. ಆದರೆ ಗಂಗರನ್ನು ಆರಿಸಲು ನನಗೆ ಆನೆಗಿಂತ ದೊಡ್ಡ ಕಾರಣ ಒಂದು ನಾಯಿ. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಚೋಳ ರಾಜಕುಮಾರ ರಾಜಾದಿತ್ಯ ಆನೆಯ ಮೇಲೆಯೇ ಮಡಿದ. ಬೂತುಗನಿಗೆ ಬನವಾಸಿ, ಬೆಳ್ವೊಲ ಮುಂತಾದ ನಾಡುಗಳೇ ಬಹುಮಾನವಾಗಿ ಬಂದವು. ಅವನ ಬಂಟ ಮಣಲೆರ ಆ ಯುದ್ಧದಲ್ಲಿ ಮೆರೆದಿದ್ದ. ‘ಬೇಕಾದ್ದು ಬೇಡು’ ಎಂದಾಗ ಅವನು ಬೇಡಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು! ನಾಡು ಹಂಚುತ್ತಿದ್ದ ಹೊತ್ತಿನಲ್ಲಿ ನಾಯಿ ಕೇಳಿದವನ ಮನಸ್ಸು ಎಂಥದ್ದಿರಬೇಕು. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದಳು; ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತವು. ಮಣಲೆರ ಅವಳಿಗೆ ಆತಕೂರಿನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿಯನ್ನೂ ಬಿಟ್ಟ. ಮದ್ದೂರು ಸೀಮೆಯ ಆ ಕಲ್ಲು ಈಗ ನಮ್ಮ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಮತ್ತು ಹಂದಿ ಕಾದಾಡುವ ಚಿತ್ರ, ಅದರ ಸುತ್ತಮುತ್ತ ಸಾಮ್ರಾಜ್ಯಗಳ ಸುದ್ದಿ. ತಕ್ಕೋಲದ ದೊಡ್ಡ ಕಾಳಗದ ಸುದ್ದಿ ನಮಗೆ ಇಷ್ಟು ವಿವರವಾಗಿ ಮುಟ್ಟಿದ್ದು ಒಂದು ನಾಯಿಯ ಮೇಲಿನ ಪ್ರೀತಿಯಿಂದ.

ಹೊಯ್ಸಳರ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದ. 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಗುಡಿ ಎದ್ದಿತು. ಆ ಗೆಲುವಿನ ನೆನಪಿಗೇ ಎನ್ನುವವರಿದ್ದಾರೆ. ಗುಡಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸುವುದು ಶಿಲ್ಪಗಳ ಪಾದದ ಬಳಿಯ ಸಣ್ಣ ಅಕ್ಷರಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ಬೇಲೂರಿನ ಆ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬರುಬರುತ್ತ ಗಟ್ಟಿಯಾಗುತ್ತದೆ, ಒಡವೆಯ ಎಳೆಯನ್ನೂ ಹಿಡಿಯುತ್ತದೆ. ಅರಸನ ಗುಡಿಯಲ್ಲಿ ಕಲ್ಲುಕುಟಿಗನ ಹೆಸರಿಗೂ ಜಾಗ ಕೊಟ್ಟ ರಾಜ್ಯ ನನ್ನ ಮಣೆಯ ಮೇಲೆ ಇರಲೇಬೇಕು.

ವಿಜಯನಗರಕ್ಕೆ ಕಾರಣ ಹುಡುಕಬೇಕಿಲ್ಲ, ಆದರೂ ಒಂದು ಬಾಲದ ಕಥೆ ಹೇಳುತ್ತೇನೆ. ದ್ರಾವಿಡರಿಗೆ ಭಾರಿ ಕುದುರೆ ಸವಾರರನ್ನು ಕೊಡದ ‘ಏಜ್ ಆಫ್ ಎಂಪೈರ್ಸ್’ನಂಥ ಆಟದಲ್ಲಿ ವಿಜಯನಗರದ ನೆನಪು ಅರ್ಧವೇ ಉಳಿಯುತ್ತದೆ. ಸಮುದ್ರದಾಚೆಯಿಂದ ಕುದುರೆ ತರಿಸಲು ಆ ಅರಸರು ಸುರಿದ ಹೊನ್ನಿಗೆ ಲೆಕ್ಕವಿಲ್ಲ. ಸಾಳುವ ನರಸಿಂಹ ಹಡಗಿನಲ್ಲಿ ಬಂದ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಒಂದೇ ಬೆಲೆಗೆ ಕೊಳ್ಳುತ್ತಿದ್ದನಂತೆ. ದಾರಿಯಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ. ಇದನ್ನು ಬರೆದಿಟ್ಟವನು ಪೋರ್ಚುಗಲ್ಲಿನ ನೂನಿಜ್, ಸ್ವತಃ ಕುದುರೆ ವ್ಯಾಪಾರಿ. ವ್ಯಾಪಾರಿಯ ಎದೆಗೆ ಈ ಮಾತು ಎಷ್ಟು ಹತ್ತಿರವಾಗಿದ್ದೀತು! ಕಡಲಿನ ಆಪತ್ತನ್ನು ಕಡಲು ದಾಟಿದವನೊಬ್ಬನೇ ಹೊರಬೇಕಿಲ್ಲ ಎಂದ ಅರಸನಿಗೆ ಅಂಕ ಕೊಡದಿರಲಾದೀತೆ?

ರಾಷ್ಟ್ರಕೂಟರಿಗೆ ಬಲ್ಹರಾ ಆಗಲೇ ಮನೆ ಗಳಿಸಿಕೊಟ್ಟಿದ್ದಾನೆ, ಆರನೆಯ ಮನೆ ಕೆಳದಿಗೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೇನೆಯಿಂದ ತಲೆತಪ್ಪಿಸಿಕೊಂಡು ದಕ್ಷಿಣಕ್ಕೆ ಬಂದಾಗ ರಾಣಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟಳು. ಔರಂಗಜೇಬನ ಕೋಪವನ್ನು ಬಾಗಿಲಿಗೆ ಕರೆದುಕೊಳ್ಳುವಷ್ಟು ದೊಡ್ಡ ರಾಜ್ಯ ಅದಾಗಿರಲಿಲ್ಲ. ಮಲೆನಾಡಿನ ಮಳೆ, ಅಡಿಕೆ, ಮೆಣಸಿನ ನಡುವಿನ ಪುಟ್ಟ ಸಂಸ್ಥಾನ. ದಂಡು ಬಂದೇ ಬಂತು, ಅತಿಥಿಯನ್ನು ಅವಳು ಒಪ್ಪಿಸಲಿಲ್ಲ.

ಹೀಗೆ ಚಾಲುಕ್ಯ, ರಾಷ್ಟ್ರಕೂಟ, ಗಂಗ, ಹೊಯ್ಸಳ, ವಿಜಯನಗರ, ಕೆಳದಿ. ಆರು ಮನೆ ತುಂಬಿದವು, ಹೊರಗುಳಿದವರು ಬಾಗಿಲಲ್ಲಿ ನಿಂತರು. ಅವರನ್ನು ಹಾಗೇ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಮನೆ ಸಿಗದವರಿಗೆ ನಿಯಮಗಳಲ್ಲಿ ಜಾಗ ಮಾಡಿದೆವು. ಕದಂಬರ ಮಯೂರಶರ್ಮ ಓದಲೆಂದು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ರಾಜನಾಗಿ ಮರಳಿದವನೆಂದು ತಾಳಗುಂದದ ಕಂಬ ಹೇಳುತ್ತದೆ. ಆದ್ದರಿಂದ ನಮ್ಮ ಆಟದಲ್ಲಿ ಯಾರೂ ಹುಟ್ಟುತ್ತಲೇ ರಾಜರಲ್ಲ, ಎಲ್ಲರ ಮೊದಲ ಕಾಯಿಯೂ ಒಬ್ಬ ವಿದ್ಯಾರ್ಥಿ. ಕೆಂಪೇಗೌಡನ ನಿಯಮ: ಕೆರೆ ಕಟ್ಟದೆ ಕೋಟೆ ಕಟ್ಟುವ ಹಾಗಿಲ್ಲ. ಆದಿಲಶಾಹಿಗಳಿಗೆ ನರಪತಿಯ ರಂಗು. ಕಾಲಾಳುಗಳೆಲ್ಲ ಅವರ ಹೆಸರಿನವು. ಅಬ್ಬಕ್ಕನಿಗೆ ಇಡೀ ಕಡಲಂಚು. ಮೈಸೂರಿಲ್ಲದ ಆಟ ಆಟವೇ ಎಂದು ಒಬ್ಬಳು ಪಟ್ಟು ಹಿಡಿದಳು. ಮಣೆಯ ನಡುವಿನ ದೊಡ್ಡ ಚೌಕವನ್ನೇ ಮುಮ್ಮಡಿ ಕೃಷ್ಣರಾಜರಿಗೆ ಕೊಟ್ಟೆವು. ಅಲ್ಲಿ ಯಾರೂ ಯಾರನ್ನೂ ಹೊಡೆಯುವಂತಿಲ್ಲ, ಕೂತು ದಣಿವಾರಿಸಿಕೊಳ್ಳಬಹುದು. ಬೇರೆ ಆಟಗಳಲ್ಲಿ ಹೆಸರಿಲ್ಲದೆ ಸಾಯುವ ಕಾಲಾಳಿಗೂ ನಮ್ಮಲ್ಲಿ ಹೆಸರುಂಟು. ಬೆಂಗಳೂರು ಎಂಬ ಊರ ಹೆಸರು ನಮಗೆ ಮೊದಲು ಸಿಗುವುದೇ ಬೇಗೂರಿನ ಕಲ್ಲೊಂದರಲ್ಲಿ. 9ನೇ ಶತಮಾನದ ಕೊನೆಯಲ್ಲಿ ಬೆಂಗಳೂರ ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ಅದನ್ನು ನಿಲ್ಲಿಸಿದ್ದು. ಅದರ ಹಾಗೆಯೇ ನಮ್ಮಲ್ಲೂ ಕಾಯಿ ಬಿದ್ದರೆ ಬಿದ್ದ ಮನೆಯಲ್ಲಿ ಸಣ್ಣ ಕಲ್ಲಿಟ್ಟು ಹೆಸರು ಬರೆಯಬೇಕು. ಆ ಯುದ್ಧಗಳಲ್ಲಿ ಹರಿದದ್ದು ನಿಜವಾದ ರಕ್ತ. ಅದನ್ನು ಮರೆಸುವ ಆಟ ನಮಗೆ ಬೇಡವೆಂದು ಎಲ್ಲರೂ ಒಪ್ಪಿದರು.

ಕೊನೆಗೆ ಉಳಿದದ್ದು ದೊಡ್ಡ ಪ್ರಶ್ನೆ: ಗೆದ್ದವರು ಯಾರು? ಎದುರಾಳಿಯ ಕೋಟೆ ಹಿಡಿದವರು ಎಂದು ಮೊದಲು ಬರೆದಿತ್ತು. ಈಗ ಅದರ ಕೆಳಗೆ ಇನ್ನೊಂದು ಸಾಲು ಸೇರಿದೆ. ಕೋಟೆ ಹಿಡಿದವರು ಅಲ್ಲಿ ತಾವೇನು ಮಾಡುತ್ತೀರೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಸೋತವರು ಒಪ್ಪಿ ತಲೆಯಾಡಿಸಿದರೆ ಮಾತ್ರ ಅಂಕ. ಈ ನಿಯಮ ಬಂದಮೇಲೆ ಆಟ ಬೇಗ ಮುಗಿಯುವುದೇ ಇಲ್ಲ. ಗೆದ್ದವರು ಕೆರೆ ತೋಡಿಸುತ್ತೇನೆ ಎನ್ನುತ್ತಾರೆ, ಸೋತವರು ತಮ್ಮ ಆನೆಗಳಿಗೆ ಮೇವು ಕೇಳುತ್ತಾರೆ, ಚೌಕಾಸಿ ಸಂಜೆಯವರೆಗೂ ನಡೆಯುತ್ತದೆ. ಓದುಗರೇ, ನಿಮ್ಮ ಆರು ಮನೆಗಳಲ್ಲಿ ಬೇರೆಯೇ ಹೆಸರುಗಳಿರಬಹುದು. ಚಿತ್ರದುರ್ಗದವರು ನಮ್ಮ ಪಟ್ಟಿಯನ್ನು ಒಪ್ಪುವುದಿಲ್ಲವೆಂದು ನನಗೆ ಗೊತ್ತು, ಬೀದರಿನವರೂ ಒಪ್ಪಲಾರರು. ನಿಮ್ಮ ರಾಜನನ್ನು ಕರೆತನ್ನಿ. ಎಷ್ಟು ಕೋಟೆ ಗೆದ್ದನೆಂದು ನಾವು ಕೇಳುವುದಿಲ್ಲ, ಗೆದ್ದ ಮರುದಿನ ಬೆಳಿಗ್ಗೆ ಏನು ಮಾಡಿದನೆಂದು ಹೇಳಿ. ಕಥೆ ಚೆನ್ನಾಗಿದ್ದರೆ ಇನ್ನೊಂದು ರಟ್ಟು ಅಂಟಿಸಿ ಏಳನೆಯ ಮನೆ ಬರೆಯಲು ನಮ್ಮ ಬೀದಿಯ ಮಕ್ಕಳು ತಯಾರಿದ್ದಾರೆ.